ಮೂರನೇ ಸಾಲಿನ ಕೆಮ್ಮು

ಮನಾಮಾದ ಗುದೈಬಿಯಾ, ಹಿಂದಿನ ಗಲ್ಲಿ, ನಾಲ್ಕನೇ ಮಹಡಿ.
ಶುಕ್ರವಾರ ಮಧ್ಯಾಹ್ನ ಲಿಗೋರಿ ಕ್ರಾಸ್ತಾ ನನ್ನನ್ನು ಕರೆದದ್ದು
ಊಟಕ್ಕಲ್ಲ, ವಯರು ನೋಡಲು.

ಹೆಬ್ಬಾವಿನಷ್ಟು ದಪ್ಪ, ನೇರಳೆ ಅಂಗಿ ತೊಟ್ಟ ಪವರ್ ಕೇಬಲ್ಲು.
ಉದ್ದ ಒಂದೂವರೆ ಮೀಟರು, ಬೆಲೆ ಇನ್ನೂರ ಹತ್ತು ದಿನಾರು.
ಬಿಲ್ಲು ಹೆಂಡತಿಯ ಕಣ್ಣಿಗೆ ಬೀಳದಂತೆ
ವಾಷಿಂಗ್ ಮೆಷಿನ್ನಿನ ಕೈಪಿಡಿಯೊಳಗಿದೆ.
ಕೇಬಲ್ಲು ನೆಲ ಮುಟ್ಟಬಾರದಂತೆ. ಅದಕ್ಕೆ ಆರು ಮರದ ಮಣೆ.
ಮಡಿಯುಟ್ಟ ಅಜ್ಜಿಯ ಹಾಗೆ
ಯಾರನ್ನೂ ಸೋಕದೆ ಗೋಡೆಯವರೆಗೆ ಹೋಗುತ್ತದೆ.

"ಕೇಳು ಮಾರಾಯ" ಅಂದ.
ಹಳೆಯ ಯಾವುದೋ ಕಛೇರಿ, ಪಿಟೀಲು, ಮೋಹನ.
ಆಲಾಪನೆಯ ನಡುವೆ ಯಾರೋ ಕೆಮ್ಮುತ್ತಾರೆ.
"ಕೇಳಿತಾ? ಮೊದಲು ಈ ಕೆಮ್ಮು ಎಲ್ಲೋ ಇತ್ತು.
ಈಗ ನೋಡು, ಮೂರನೇ ಸಾಲು, ಎಡಗಡೆ, ತುದಿಯ ಕುರ್ಚಿ."
ಕೆಮ್ಮಿದವನದು ಕಟ್ಟಿಸಿದ ಹಲ್ಲು ಎಂದೂ ಹೇಳುತ್ತಿದ್ದನೇನೋ,
ನಾನು ಚಹಾ ಕೇಳಿದೆ.

ಈ ಕಟ್ಟಡಕ್ಕೆ ವಯರು ಎಳೆದವನು ನಾನು,
ತೊಂಬತ್ತೇಳರ ಬೇಸಗೆಯಲ್ಲಿ.
ಗೋಡೆಯ ಹಿಂದೆ ಏನಿದೆ ನನಗೆ ಗೊತ್ತು:
ಸಿಕ್ಕಿದ ಕಡೆ ಸಿಕ್ಕಿದ ದರಕ್ಕೆ ತಂದ ತಾಮ್ರ,
ನಡುವೆ ಎರಡು ಗಂಟು,
ಒಂದು ನನ್ನದೇ, ಊಟದ ಹೊತ್ತಾಗಿತ್ತು, ಅವಸರ.
ಅಲ್ಲಿಂದಾಚೆ ಬೀದಿಯ ಪೆಟ್ಟಿಗೆ, ಟ್ರಾನ್ಸ್‌ಫಾರ್ಮರು,
ಉಪ್ಪು ಮರಳಿನ ಕೆಳಗೆ ಎಷ್ಟೋ ಮೈಲಿ.
ಅಷ್ಟು ದೂರ ಬರಿಗಾಲಲ್ಲಿ ನಡೆದುಬಂದ ಕರೆಂಟಿಗೆ
ಹೊಸ್ತಿಲ ಬಳಿ ರೇಷ್ಮೆಯ ಚಪ್ಪಲಿ.

ಅದನ್ನು ಹೇಳಲಿಲ್ಲ. "ಒಂದು ಪರೀಕ್ಷೆ ಮಾಡುವ" ಅಂದೆ.
ಅವನು ಗೋಡೆಗೆ ಮುಖ ಮಾಡಿ ಕೂತ,
ಕಣ್ಣಾಮುಚ್ಚಾಲೆಯಲ್ಲಿ ನೂರು ಎಣಿಸುವವನಂತೆ.
ನಾನು ಹಿಂದೆ. ಒಮ್ಮೆ ನೇರಳೆ,
ಒಮ್ಮೆ ಅಡುಗೆಮನೆಯ ಅನ್ನದ ಕುಕ್ಕರಿನ ಕಪ್ಪು ವಯರು.
ಹತ್ತು ಸಲ. ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದುಕೊಂಡೆ.
ಮೂರನೇ ಸಲ ಏನೂ ಬದಲಿಸಲಿಲ್ಲ, ಬರೀ ಸದ್ದು ಮಾಡಿದೆ.
"ಹಾ! ಇದು ನೇರಳೆ. ಪರದೆ ಸರಿದ ಹಾಗಾಯ್ತು."
ಕುಕ್ಕರಿನದು.
ಹತ್ತರಲ್ಲಿ ಐದು ಸರಿ.
ಕಾಸು ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, ಖರ್ಚು ಕಡಿಮೆ.

"ಮಧ್ಯಾಹ್ನದ ಕರೆಂಟು ಕೊಳೆ" ಅಂದ ಲಿಗೋರಿ, "ರಾತ್ರಿ ಎರಡಕ್ಕೆ ಬಾ."

ಇಪ್ಪತ್ತೆರಡು ವರ್ಷ ಹಿದ್ದ್‌ನ ಹಡಗುಕಟ್ಟೆಯಲ್ಲಿ
ತುಕ್ಕು ಉಜ್ಜುವ ಯಂತ್ರ ಹಿಡಿದು ನಿಂತವನು.
ಕಂಪನಿಯ ಡಾಕ್ಟರು ಅವನ ಕಿವಿಯ ನಕ್ಷೆ ತೋರಿಸಿದ್ದರಂತೆ:
ಮೇಲಿನ ಸ್ವರಗಳ ಹತ್ತಿರ ಗೆರೆ
ಹಗ್ಗ ಕಡಿದ ಕೊಡದ ಹಾಗೆ ಇಳಿದಿತ್ತಂತೆ.
ಆ ಕಾಗದವೂ ಅದೇ ಕೈಪಿಡಿಯೊಳಗೆ ಇರಬೇಕು.

ಹೊರಡುವ ಮುಂಚೆ ನಾನೂ ಒಂದು ಸುಧಾರಣೆ ಮಾಡಿಕೊಟ್ಟೆ, ಪುಕ್ಕಟೆ.
ಏಸಿ ಆರಿಸಿದೆ.

ಆಗಸ್ಟ್ ತಿಂಗಳು.
ಕಿಟಕಿಯ ಆ ಪೆಟ್ಟಿಗೆ ಗೊರಗೊರ ನಿಲ್ಲಿಸಿದ್ದೇ
ಕೋಣೆಗೆ ಇನ್ನೊಂದು ಕೋಣೆ ಕೂಡಿಕೊಂಡಿತು.
ಕಮಾನು ತಂತಿಗೆ ತಾಗುವ ಮುಂಚಿನ ಉಸಿರು.
ತಂಬೂರಿ. ಇಷ್ಟು ಹೊತ್ತೂ ತಂಬೂರಿ ಇತ್ತೆಂದೇ
ನನಗೆ ಗೊತ್ತಿರಲಿಲ್ಲ.
ಅವನಿಗೆ ಕೇಳಿತೋ ಇಲ್ಲವೋ,
ಮೂಗಿನ ತುದಿಯ ಬೆವರು ಮಣೆಯ ಮೇಲೆ ತೊಟ್ಟಿಕ್ಕಿದರೂ
ಅಲುಗದೆ ಕೂತಿದ್ದ.
ನಾಲ್ಕು ನಿಮಿಷ ತಡೆದೆವು.
ಕೆಮ್ಮು ಬಂತು.
ಇಬ್ಬರೂ ಒಟ್ಟಿಗೆ ಎಡಕ್ಕೆ ತಿರುಗಿದೆವು.

ರಾತ್ರಿ ಎಮಿಲ್ಡಾಬಾಯಿಯ ಫೋನು:
"ಕುಕ್ಕರಿನ ವಯರು ಎಲ್ಲಿಟ್ಟಿರಿ? ಅಕ್ಕಿ ತೊಳೆದು ಗಂಟೆಯಾಯಿತು.
ಇವರನ್ನು ಕೇಳಿದರೆ
ಸುಮ್ಮನಿರು, ಪಿಟೀಲು ಕೇಳು ಅನ್ನುತ್ತಾರೆ."